ಸೂರ್ಯ ಡಿಶ್ಶಿನ ನೇರಕ್ಕೆ ಬಂದಾಗ

ಮಾರ್ಚ್ ತಿಂಗಳ ನಡುಭಾಗ, ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಬೆಳಗ್ಗೆ ಹನ್ನೊಂದು ದಾಟುತ್ತಿದ್ದಂತೆ ಟೀವಿಯ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಮಾತು ತುಂಡಾಗುತ್ತದೆ, ಆಮೇಲೆ ಸಿಗ್ನಲ್ಲೇ ಇಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ. ಮರುದಿನ ಅದೇ ಹೊತ್ತಿಗೆ ಮತ್ತೆ ಅದೇ ಪಾಡು. ಕೆಲವು ದಿನ ಹೀಗಾಗಿ ನಿಂತದ್ದು ಸೆಪ್ಟೆಂಬರ್ ಕೊನೆಗೆ ಮರಳುತ್ತದೆ. ಇಲ್ಲಿ ಕೆಟ್ಟದ್ದು ಏನೂ ಇಲ್ಲ. ಡಿಶ್ ನೆಟ್ಟಗೆ ಉಪಗ್ರಹವನ್ನೇ ನೋಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಡಿಡಿ ಫ್ರೀ ಡಿಶ್ ವಾಹಿನಿಗಳು ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಅದರ ನೆಲೆ. ಭೂಮಿಯ ಜೊತೆಗೇ ಸುತ್ತುವುದರಿಂದ ನಮಗೆ ಅದು ಅಲ್ಲಾಡದೆ ನಿಂತಂತೆ. ಸೂರ್ಯ ಹಾಗಲ್ಲ, ಅವನ ದಾರಿ ದಿನದಿನಕ್ಕೂ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತದೆ. ವರ್ಷಕ್ಕೆ ಎರಡು ಸಲ ಆ ದಾರಿ ಉಪಗ್ರಹದ ಬೆನ್ನಹಿಂದೆಯೇ ಹಾದುಹೋಗುತ್ತದೆ.

ಹಗಲು ರಾತ್ರಿ ಸಮನಾಗುವ ದಿನವೇ ಇದು ಆಗಬೇಕಲ್ಲವೇ ಎಂದು ಕೇಳಬಹುದು. ನಾವಿರುವುದು ಸಮಭಾಜಕದ ಉತ್ತರಕ್ಕೆ. ಹಾಗಾಗಿ ಬೆಂಗಳೂರಿನಿಂದ ನೋಡಿದರೆ ಉಪಗ್ರಹ ಎರಡು ಡಿಗ್ರಿಗೂ ತುಸು ಹೆಚ್ಚು ದಕ್ಷಿಣಕ್ಕೆ ಸರಿದು ಕಾಣುತ್ತದೆ. ಆದ್ದರಿಂದ ನಮಗೆ ಈ ತೊಂದರೆ ಮಾರ್ಚ್ 20ಕ್ಕಿಂತ ಸುಮಾರು ಒಂದು ವಾರ ಮೊದಲು, ಸೆಪ್ಟೆಂಬರ್ 22 ಕಳೆದು ಸುಮಾರು ಒಂದು ವಾರಕ್ಕೆ. ದಿಲ್ಲಿ ಇನ್ನೂ ಉತ್ತರಕ್ಕಿದೆ. ಮಾರ್ಚಿನಲ್ಲಿ ಅವರ ಟೀವಿ ನಮಗಿಂತ ಮೊದಲೇ ಕೈಕೊಡುತ್ತದೆ, ಶರತ್ಕಾಲದಲ್ಲಿ ಸರದಿ ತಿರುಗಿ ನಮ್ಮದು ಮೊದಲು.

ಸೂರ್ಯ ಉಪಗ್ರಹವನ್ನು ಮರೆಮಾಡುತ್ತಾನೆ ಎಂದು ತಿಳಿಯುವವರಿದ್ದಾರೆ. ಅವನಿರುವುದು ಅದಕ್ಕಿಂತ ಹದಿನೈದು ಕೋಟಿ ಕಿಲೋಮೀಟರ್ ಹಿಂದೆ. ಮರೆಮಾಡುವ ಮಾತೇ ಇಲ್ಲ. ಸೂರ್ಯ ಬೆಳಕು, ಶಾಖದ ಜೊತೆಗೆ ರೇಡಿಯೋ ಅಲೆಗಳನ್ನೂ ಸೂಸುತ್ತಾನೆ, ಟೀವಿ ಬರುವ ಹನ್ನೊಂದು-ಹನ್ನೆರಡು ಗಿಗಾಹರ್ಟ್ಸ್‌ನಲ್ಲೂ. ಉಪಗ್ರಹದ ಸಿಗ್ನಲ್ ದೇಶದಗಲ ಹರಡಿ, ಮನೆಯ ಡಿಶ್ಶಿಗೆ ತಲುಪುವಾಗ ತೀರಾ ಕ್ಷೀಣವಾಗಿರುತ್ತದೆ. ಡೊಳ್ಳು ಬಾರಿಸುವವರ ನಡುವೆ ನಿಂತು ಪಿಸುಮಾತು ಕೇಳಿಸಿಕೊಂಡಂತೆ, ಸೂರ್ಯನ ಗದ್ದಲದಲ್ಲಿ ಅದು ಅಡಗಿಹೋಗುತ್ತದೆ.

60 ಸೆಂಟಿಮೀಟರ್ ಡಿಶ್ಶಿನ ನೋಟ ಸುಮಾರು ಮೂರು ಡಿಗ್ರಿ ಅಗಲ. ಸೂರ್ಯ ಒಂದು ಡಿಗ್ರಿ ಸರಿಯಲು ನಾಲ್ಕು ನಿಮಿಷ. ಹತ್ತು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿಯುವುದು ಇದರಿಂದಲೇ. ದೊಡ್ಡ ಡಿಶ್ಶಿನ ನೋಟ ಕಿರಿದು, ಅದಕ್ಕೆ ತೊಂದರೆಯ ಹೊತ್ತೂ ಕಡಿಮೆ. ಆದರೆ ತಪ್ಪಿಸಿಕೊಳ್ಳಲು ಅದಕ್ಕೂ ಆಗದು. ಕೇಬಲ್ ಆಪರೇಟರ ಡಿಶ್ಶಿಗೂ ಇದೇ ಗತಿ.

ಸೂರ್ಯನ ಈ ಗದ್ದಲ ಮನುಷ್ಯನಿಗೆ ಮೊದಲು ಗೊತ್ತಾದದ್ದೇ ಒಂದು ಕಿರಿಕಿರಿಯಾಗಿ. 1942ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸೇನಾ ರೇಡಾರುಗಳು ಕೆಟ್ಟಂತಾದವು; ಜರ್ಮನರ ಕೈವಾಡವೆಂದು ಶಂಕೆ ಬಂತು. ಗದ್ದಲ ಬರುತ್ತಿರುವುದು ಸೂರ್ಯನ ದಿಕ್ಕಿನಿಂದ, ಅದರ ಮೂಲ ಅಲ್ಲಿನ ದೊಡ್ಡ ಕಲೆಗಳ ಗುಂಪು ಎಂದು ಕಂಡುಕೊಂಡವರು ಜೆ. ಎಸ್. ಹೇ. ಇಂದು ನಮ್ಮ ಗೌರಿಬಿದನೂರಿನ ಬಯಲಲ್ಲಿ ಸಾಲುಗಟ್ಟಿ ನಿಂತ ಆಂಟೆನಾಗಳು ಸೂರ್ಯನ ರೇಡಿಯೋ ಅಲೆಗಳನ್ನೇ ಹಿಡಿದು ಅವನ ಹೊರಾವರಣವನ್ನು ಓದುತ್ತಿವೆ.

ಮನೆಯಲ್ಲೂ ಇದರಿಂದ ಒಂದು ಉಪಯೋಗ ಪಡೆಯಬಹುದು. ಚಿತ್ರ ಹೋದ ಆ ಕೆಲವು ನಿಮಿಷ, ಸೂರ್ಯನತ್ತ ಕಣ್ಣು ಹಾಯಿಸದೆ, ಡಿಶ್ಶಿನ ಮೇಲೆ ಬೀಳುವ ಬಿಸಿಲನ್ನಷ್ಟೇ ನೋಡಿ. ಆ ಕ್ಷಣ ಬಿಸಿಲು ಬರುವ ದಾರಿಯೂ ಸಿಗ್ನಲ್ ಬರುವ ದಾರಿಯೂ ಒಂದೇ. ತೆಂಗಿನ ಗರಿಯ ನೆರಳೋ ಪಕ್ಕದ ಮನೆಯ ನೀರಿನ ಟ್ಯಾಂಕಿನ ನೆರಳೋ ಡಿಶ್ಶಿನ ಮೇಲೆ ಬಿದ್ದಿದ್ದರೆ, ವರ್ಷವಿಡೀ ಸಿಗ್ನಲ್ಲಿಗೆ ಅಡ್ಡವಾಗಿರುವುದು ಅದೇ ಎಂದು ತಿಳಿಯಿರಿ.

ಈ ದಿನಗಳಲ್ಲಿ ಡಿಶ್ಶಿನ ತಿರುಪು ಸಡಿಲಿಸಬೇಡಿ, ಮೆಕ್ಯಾನಿಕ್ಕಿಗೆ ದುಡ್ಡು ಕೊಡಲೂ ಹೋಗಬೇಡಿ. ಅರ್ಧ ಗಂಟೆ ಕಳೆದರೂ ಚಿತ್ರ ಬಾರದಿದ್ದರೆ, ಇಲ್ಲವೇ ಹೊತ್ತಲ್ಲದ ಹೊತ್ತಿನಲ್ಲಿ ಹೋಗುತ್ತಿದ್ದರೆ, ಆಗ ಅವರನ್ನು ಕರೆಸಿ.