ಗೋಡೆಯ ಸದ್ದು ಕೇಳಿಸದ ಮೊದಲ ವಾರ

ಹೋದ ಜನವರಿಯಲ್ಲಿ ನನ್ನ ಚಿಕ್ಕಪ್ಪನ ಮಗಳು ಓದೋಕೆ ಕೆನಡಾಗೆ ಹೋದಳು. ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಎರಡನೇ ದಿನವೇ ಘಣಸೋಲಿಗೆ ಫೋನ್: "ಅಣ್ಣಾ, ಇಲ್ಲಿ ಗೋಡೆಗಳು ಕೇಳಿಸ್ತಾನೇ ಇಲ್ಲ!"

ಗೋಡೆ ಕೇಳಿಸುತ್ತಾ? ಹೌದು. ಹೆಜ್ಜೆ ಸದ್ದು, ಕೋಲಿನ ಟಕ್‌ಟಕ್ ಗೋಡೆಗೆ ಬಡಿದು ವಾಪಸ್ ಬರುತ್ತೆ. ಮುಂದೆ ಏನೋ ಅಡ್ಡ ಇದೆ ಅಂತ ಅದರಿಂದ ಗೊತ್ತಾಗುತ್ತೆ. ಹಿಂದೆ ಇದನ್ನ ಮುಖದ ಚರ್ಮದ ಶಕ್ತಿ ಅಂದುಕೊಂಡಿದ್ದವರೂ ಇದ್ದರು. 1944ರಲ್ಲಿ ಪ್ರಕಟವಾದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಕಿವಿ ಮುಚ್ಚಿಕೊಂಡವರು ನೇರ ಹೋಗಿ ಡಿಕ್ಕಿ ಹೊಡೆದರು. ಕೆಲಸ ಕಿವಿಯದೇ.

ಚಿಕ್ಕಂದಿನಲ್ಲಿ ನಮ್ಮ ದಾದರ್‌ನ ಅಂಧರ ಶಾಲೆಯಲ್ಲಿದ್ದ ವೇದ್ ಮೆಹ್ತಾ 1949ರಲ್ಲಿ, 15ನೇ ವಯಸ್ಸಿಗೆ, ಒಬ್ಬರೇ ಅಮೆರಿಕದ ಅರ್ಕಾನ್ಸಾಸ್ ಅಂಧರ ಶಾಲೆಗೆ ಹೋದರು. ಆ ವರ್ಷಗಳ ಬಗ್ಗೆ ಬರೆದ ಪುಸ್ತಕದ ಹೆಸರಲ್ಲೇ 'ಸೌಂಡ್ ಶ್ಯಾಡೋಸ್' ಇದೆ, ಅಂದರೆ ಸದ್ದಿನ ನೆರಳು.

ತಂಗಿಯ ಸಮಸ್ಯೆ ಹಿಮ. ಹೊಸದಾಗಿ ಬಿದ್ದ ಹಿಮದ ತುಂಬಾ ಗಾಳಿ ಇರುತ್ತೆ, ಸದ್ದನ್ನ ನುಂಗಿಬಿಡುತ್ತೆ. ಕೋಲಿಗೆ ಸಿಗೋ ಫುಟ್‌ಪಾತ್ ಅಂಚೂ ಮುಚ್ಚಿಹೋಗುತ್ತೆ. ನಾನು, ಎಂಟೆಕ್ ಮಾಡಿದೋನು, ಜಿಪಿಎಸ್ ಆ್ಯಪ್ ಹಾಕ್ಕೋ ಅಂದೆ. "ಅದು ರಸ್ತೆ ಹೇಳುತ್ತೆ, ಬಾಗಿಲು ಹೇಳಲ್ಲ" ಅಂದಳು. ನಿಜ, ಅದು ಕೆಲವು ಮೀಟರ್ ಆಚೀಚೆ ಆಗುತ್ತೆ.

ನಾಲ್ಕನೇ ದಿನ ಅವಳೇ ದಾರಿ ಹುಡುಕಿಕೊಂಡಳು. ಕ್ಲಾಸ್ ಕಟ್ಟಡದ ಹೊರಗಿನ ದೊಡ್ಡ ಫ್ಯಾನಿನ ಗುಂಯ್ ಸದ್ದು ಎಡಗಿವಿಗೆ ನೇರ ಬಂದರೆ ಅಲ್ಲಿ ತಿರುಗೋದು. ಭಾನುವಾರ ಮಾತ್ರ ಆ ಫ್ಯಾನ್ ಆಫ್ ಇರುತ್ತಂತೆ.