ವರ್ಟ್‌ಗೆ ಆಮ್ಲಜನಕ ಪೂರೈಕೆ

ವರ್ಟ್‌ಗೆ ಆಮ್ಲಜನಕ ಪೂರೈಕೆ ಎಂದರೆ ಬಿಯರ್ ತಯಾರಿಕೆಯಲ್ಲಿ, ಕುದಿಸಿ ತಣಿಸಿದ ವರ್ಟ್‌ಗೆ ಯೀಸ್ಟ್ ಬೆರೆಸುವ ಸಮಯದಲ್ಲಿ ಗಾಳಿಯನ್ನಾಗಲಿ ಶುದ್ಧ ಆಮ್ಲಜನಕವನ್ನಾಗಲಿ ಹಾಯಿಸಿ ಕರಗಿಸುವ ಕ್ರಿಯೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಬಿಸಿನೀರಿನಲ್ಲಿ ನೆನೆಸಿ ಬಸಿದು ಹಾಪ್ಸ್ ಹೂಗಳೊಂದಿಗೆ ಕುದಿಸಿದಾಗ ದೊರೆಯುವ ಸಿಹಿಯಾದ ಕಷಾಯವೇ ವರ್ಟ್. ಇದಕ್ಕೆ ಯೀಸ್ಟ್ ಸೇರಿ ಹುದುಗಿದಾಗ ಬಿಯರ್ ಆಗುತ್ತದೆ. ಬಿಯರ್ ತಯಾರಿಕೆಯ ಉಳಿದ ಹಂತಗಳಲ್ಲಿ ಆಮ್ಲಜನಕವು ರುಚಿಯನ್ನು ಕೆಡಿಸುವ ವಸ್ತುವೆಂದು ಪರಿಗಣಿತವಾಗಿದೆ. ಈ ಒಂದು ಹಂತದಲ್ಲಿ ಮಾತ್ರ ಅದು ಅತ್ಯವಶ್ಯಕ. ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸವು ಕಾನೂನುಸಮ್ಮತವಾಗಿರುವ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಇದಕ್ಕಾಗಿ ಶುದ್ಧ ಆಮ್ಲಜನಕದ ಸಣ್ಣ ಸಿಲಿಂಡರುಗಳನ್ನು ಬಳಸುವ ರೂಢಿಯಿದೆ.

ಯೀಸ್ಟ್‌ಗೆ ಆಮ್ಲಜನಕದ ಅಗತ್ಯ

ಹುದುಗುವಿಕೆಯು ಗಾಳಿಯಿಲ್ಲದೆ ನಡೆಯುವ ಕ್ರಿಯೆಯೆಂದು ಶಾಲಾ ಪಠ್ಯಗಳು ತಿಳಿಸುತ್ತವೆ. ಸಕ್ಕರೆಯು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಲು ಆಮ್ಲಜನಕ ಬೇಕಿಲ್ಲ ಎಂಬುದು ನಿಜವೇ. ಹಾಗಿದ್ದರೂ ಆರಂಭದಲ್ಲಿ ಆಮ್ಲಜನಕವನ್ನು ಕೊಡುವುದು ಯೀಸ್ಟ್ ಉಸಿರಾಡಲೆಂದಲ್ಲ. ವರ್ಟ್‌ನಲ್ಲಿರುವಷ್ಟು ಸಕ್ಕರೆ ಇರುವಾಗ, ಆಮ್ಲಜನಕ ದೊರೆತರೂ ಬಿಯರ್ ಯೀಸ್ಟ್ ಉಸಿರಾಟಕ್ಕಿಂತ ಹುದುಗುವಿಕೆಯ ಮಾರ್ಗವನ್ನೇ ಹಿಡಿಯುತ್ತದೆ. ಇದನ್ನು ಕ್ರ್ಯಾಬ್‌ಟ್ರೀ ಪರಿಣಾಮ ಎನ್ನುತ್ತಾರೆ.

ಆಮ್ಲಜನಕದ ನಿಜವಾದ ಉಪಯೋಗವಿರುವುದು ಜೀವಕೋಶದ ಪೊರೆಯ ನಿರ್ಮಾಣದಲ್ಲಿ. ಪೊರೆಯು ಮೃದುವಾಗಿ ಬಾಗುವಂತಿರಲು, ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳಲು ಹಾಗೂ ಹೆಚ್ಚುತ್ತಿರುವ ಆಲ್ಕೊಹಾಲನ್ನು ತಾಳಿಕೊಳ್ಳಲು ಸ್ಟೆರಾಲ್‌ಗಳು, ಮುಖ್ಯವಾಗಿ ಎರ್ಗೊಸ್ಟೆರಾಲ್, ಮತ್ತು ಅಪರ್ಯಾಪ್ತ ಕೊಬ್ಬಿನಾಮ್ಲಗಳು ಬೇಕು. ಇವೆರಡನ್ನೂ ತಯಾರಿಸಲು ಯೀಸ್ಟ್‌ಗೆ ಆಮ್ಲಜನಕದ ಅಣುವೇ ಬೇಕಾಗುತ್ತದೆ. ಗಾಳಿಯಿಲ್ಲದ ಸ್ಥಿತಿಯಲ್ಲಿ ಯೀಸ್ಟ್ ಬೆಳೆಯಬೇಕಾದರೆ ಈ ಪದಾರ್ಥಗಳನ್ನು ಹೊರಗಿನಿಂದ ಒದಗಿಸಬೇಕೆಂಬುದನ್ನು ಆಂಡ್ರೆಯಾಸೆನ್ ಮತ್ತು ಸ್ಟಿಯರ್ ಎಂಬ ವಿಜ್ಞಾನಿಗಳು 1953 ಮತ್ತು 1954ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ತೋರಿಸಿಕೊಟ್ಟರು.

ಯೀಸ್ಟ್ ಮೊಗ್ಗೊಡೆದು ವೃದ್ಧಿಯಾಗುವಾಗ ತಾಯಿಕೋಶವು ತನ್ನಲ್ಲಿರುವ ಸ್ಟೆರಾಲ್ ಸಂಗ್ರಹವನ್ನು ಮರಿಕೋಶದೊಂದಿಗೆ ಹಂಚಿಕೊಳ್ಳುತ್ತದೆ. ಹೊಸದಾಗಿ ತಯಾರಿಸುವ ಅವಕಾಶವಿಲ್ಲದಿದ್ದರೆ ಪ್ರತಿ ವಿಭಜನೆಯಲ್ಲಿಯೂ ಪಾಲು ಅರ್ಧದಷ್ಟಾಗುತ್ತ ಹೋಗುತ್ತದೆ; ಒಂದು ಮಿತಿಗಿಂತ ಕೆಳಗಿಳಿದೊಡನೆ ವೃದ್ಧಿ ನಿಲ್ಲುತ್ತದೆ. ಆದುದರಿಂದ ಆರಂಭದಲ್ಲಿ ದೊರೆತ ಆಮ್ಲಜನಕವನ್ನು ಯೀಸ್ಟ್ ಕೆಲವೇ ಗಂಟೆಗಳಲ್ಲಿ ಹೀರಿಕೊಂಡು ಮುಂದಿನ ದಿನಗಳ ದುಡಿಮೆಗೆ ಬುತ್ತಿ ಕಟ್ಟಿಕೊಳ್ಳುತ್ತದೆ ಎನ್ನಬಹುದು.

ಹಿನ್ನೆಲೆ

ಹಿಂದಿನ ಕಾಲದ ಬಿಯರ್ ತಯಾರಕರಿಗೆ ಇದು ಪ್ರತ್ಯೇಕ ಕೆಲಸವಾಗಿರಲಿಲ್ಲ. ಬಿಸಿ ವರ್ಟನ್ನು ಅಗಲವಾದ, ಆಳವಿಲ್ಲದ ತೆರೆದ ತೊಟ್ಟಿಗಳಲ್ಲಿ ಹರಡಿ ತಣಿಸುತ್ತಿದ್ದುದರಿಂದ ಗಾಳಿ ತಾನಾಗಿಯೇ ಬೆರೆಯುತ್ತಿತ್ತು. ಬೆಲ್ಜಿಯಂನ ಲ್ಯಾಂಬಿಕ್ ಬಿಯರ್ ತಯಾರಿಕೆಯಲ್ಲಿ ಇಂಥ ತೊಟ್ಟಿಗಳು ಇಂದಿಗೂ ಬಳಕೆಯಲ್ಲಿವೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಚೌಕಾಕಾರದ ತೊಟ್ಟಿಗಳಲ್ಲಿ, ಹುದುಗುತ್ತಿರುವ ದ್ರವವನ್ನು ಆಗಾಗ ಮೇಲೆತ್ತಿ ಸುರಿದು ಯೀಸ್ಟನ್ನು ಎಚ್ಚರಿಸುವ ಪದ್ಧತಿಯಿತ್ತು. ಲೂಯಿ ಪಾಶ್ಚರ್ 1876ರಲ್ಲಿ ಬಿಯರ್ ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ ನಂತರ ಸೋಂಕಿನ ಭಯ ಹೆಚ್ಚಿ, ವರ್ಟನ್ನು ಮುಚ್ಚಿದ ವ್ಯವಸ್ಥೆಯಲ್ಲಿ ತಣಿಸುವ ಕ್ರಮ ಕ್ರಮೇಣ ಬೆಳೆಯಿತು. ಕುದಿಸುವಾಗ ವರ್ಟ್‌ನಲ್ಲಿದ್ದ ಆಮ್ಲಜನಕವೆಲ್ಲ ಹೊರಟುಹೋಗುತ್ತದೆ. ಮುಚ್ಚಿದ ಕೊಳವೆಗಳಲ್ಲಿ ತಣಿಯುವಾಗ ಅದು ಮರಳಿ ಸೇರಲು ದಾರಿಯಿಲ್ಲ. ಆದ್ದರಿಂದ ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ಗಾಳಿಯನ್ನೋ ಆಮ್ಲಜನಕವನ್ನೋ ಕೊಳವೆಯ ಮೂಲಕ ಸೇರಿಸುವುದು ಕಾರ್ಖಾನೆಗಳಲ್ಲಿ ವಾಡಿಕೆಯಾಯಿತು. ಮನೆಯ ತಯಾರಕರ ಸಿಲಿಂಡರ್ ಇದೇ ಕ್ರಮದ ಕಿರುರೂಪ.

ಗಾಳಿಯಿಂದ ದೊರೆಯುವ ಪ್ರಮಾಣ

ದ್ರವದಲ್ಲಿ ಕರಗುವ ಅನಿಲದ ಪ್ರಮಾಣವು ದ್ರವದ ಮೇಲಿರುವ ಆ ಅನಿಲದ ಒತ್ತಡವನ್ನು ಅವಲಂಬಿಸಿದೆ ಎಂಬುದು ವಿಲಿಯಂ ಹೆನ್ರಿ 1803ರಲ್ಲಿ ನಿರೂಪಿಸಿದ ನಿಯಮ. ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21ರಷ್ಟು ಮಾತ್ರ. ಆದ್ದರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶುದ್ಧ ನೀರಿನಲ್ಲಿ ಗಾಳಿಯಿಂದ ಕರಗಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 9 ಮಿಲಿಗ್ರಾಂ. ಸಕ್ಕರೆ ಕರಗಿರುವ ವರ್ಟ್‌ನಲ್ಲಿ ಇದು ಇನ್ನೂ ಕಡಿಮೆಯಾಗಿ, ಸಾಧಾರಣ ಸಾಂದ್ರತೆಯಲ್ಲಿ 8 ಮಿಲಿಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತದೆ. ಎಷ್ಟು ಹೊತ್ತು ಗಾಳಿ ಊದಿದರೂ ಈ ಮಿತಿಯನ್ನು ದಾಟಲಾಗದು. ಉಷ್ಣತೆ ಮತ್ತು ಸಾಂದ್ರತೆ ಹೆಚ್ಚಿದಷ್ಟೂ ಮಿತಿ ಕೆಳಗಿಳಿಯುತ್ತದೆ.

ಸಾಮಾನ್ಯ ಏಲ್ ಬಿಯರಿಗೆ ಲೀಟರಿಗೆ 8ರಿಂದ 10 ಮಿಲಿಗ್ರಾಂ ಆಮ್ಲಜನಕ ಸಾಕೆಂದು ತಯಾರಕರು ಲೆಕ್ಕ ಹಾಕುತ್ತಾರೆ. ತಣ್ಣಗಿನ ವಾತಾವರಣದಲ್ಲಿ ಹುದುಗುವ ಲಾಗರ್‌ಗೂ ಹೆಚ್ಚು ಸಾಂದ್ರತೆಯ ಗಡಸು ಬಿಯರಿಗೂ ಇದಕ್ಕಿಂತ ಹೆಚ್ಚು ಬೇಕು. ಅಗತ್ಯ ಹೆಚ್ಚಿರುವ ಗಡಸು ವರ್ಟ್‌ನಲ್ಲಿಯೇ ಗಾಳಿಯಿಂದ ದೊರೆಯುವುದು ಕಡಿಮೆ. ಶುದ್ಧ ಆಮ್ಲಜನಕದ ಬಳಕೆಗೆ ಇದೇ ಮುಖ್ಯ ಕಾರಣ. ಗಾಳಿಯ ಬದಲು ಶುದ್ಧ ಆಮ್ಲಜನಕವನ್ನು ಹಾಯಿಸಿದಾಗ ಕರಗುವಿಕೆಯ ಮಿತಿ ಸುಮಾರು ಐದು ಪಟ್ಟು ಮೇಲೇರುತ್ತದೆ.

ವಿಧಾನಗಳು

ಅತ್ಯಂತ ಸರಳ ವಿಧಾನವೆಂದರೆ, ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಸುರಿದು ನೊರೆ ಬರಿಸುವಂತೆ, ತಣಿದ ವರ್ಟನ್ನು ಎತ್ತರದಿಂದ ಸುರಿಯುವುದು. ಅಥವಾ ಪಾತ್ರೆಯನ್ನು ಮುಚ್ಚಿ ಚೆನ್ನಾಗಿ ಕುಲುಕುವುದು. ಮೀನಿನ ತೊಟ್ಟಿಗೆ ಬಳಸುವಂಥ ಗಾಳಿಯ ಪಂಪು ಇನ್ನೊಂದು ವಿಧಾನ. ಪಂಪು ಕೋಣೆಯ ಗಾಳಿಯನ್ನೇ ಎಳೆಯುವುದರಿಂದ, ಸೂಕ್ಷ್ಮಜೀವಿಗಳನ್ನು ತಡೆಯುವ ಶೋಧಕವನ್ನು ನಡುವೆ ಜೋಡಿಸಬೇಕಾಗುತ್ತದೆ.

ಶುದ್ಧ ಆಮ್ಲಜನಕದ ಸಲಕರಣೆಯಲ್ಲಿ ನಾಲ್ಕು ಭಾಗಗಳಿವೆ: ಸಿಲಿಂಡರ್, ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್, ಕೊಳವೆ ಹಾಗೂ ಅದರ ತುದಿಗೆ ಕಲ್ಲು. ಕಲ್ಲು ಎಂಬುದು ಹೆಸರಿಗಷ್ಟೇ. ಅದು ಸ್ಟೇನ್‌ಲೆಸ್ ಸ್ಟೀಲ್ ಪುಡಿಯನ್ನು ಬೆಸೆದು ಮಾಡಿದ, ಸಾಮಾನ್ಯವಾಗಿ 0.5 ಮೈಕ್ರಾನ್ ಅಳತೆಯ ಸೂಕ್ಷ್ಮ ರಂಧ್ರಗಳುಳ್ಳ ಸಣ್ಣ ಉರುಳೆ. ಗುಳ್ಳೆಗಳು ಚಿಕ್ಕದಾದಷ್ಟೂ ಅವು ನಿಧಾನವಾಗಿ ಮೇಲೇರುತ್ತವೆ, ದ್ರವದೊಂದಿಗಿನ ಸಂಪರ್ಕವೂ ಹೆಚ್ಚುತ್ತದೆ. ಬಳಸುವ ಮೊದಲು ಕಲ್ಲನ್ನು ನೀರಿನಲ್ಲಿ ಕುದಿಸಿ ಸೋಂಕುರಹಿತಗೊಳಿಸಬೇಕು. ಬರಿಗೈಯಿಂದ ಮುಟ್ಟಿದರೆ ಚರ್ಮದ ಜಿಡ್ಡು ರಂಧ್ರಗಳನ್ನು ಮುಚ್ಚುತ್ತದೆ. ಬಳಸಿದ ನಂತರ ಸ್ವಲ್ಪ ಹೊತ್ತು ಅನಿಲವನ್ನು ಹಾಯಿಸಿ, ಒಳಗೆ ಉಳಿದ ವರ್ಟನ್ನು ಹೊರದೂಡಿ, ಮತ್ತೆ ಕುದಿಸಿ ಒಣಗಿಸಿಡುವುದು ಕ್ರಮ.

ವರ್ಟ್ ಯೀಸ್ಟ್ ಬೆರೆಸುವ ಉಷ್ಣತೆಗೆ ತಣಿದ ಮೇಲೆ ಕಲ್ಲನ್ನು ಪಾತ್ರೆಯ ತಳದವರೆಗೆ ಇಳಿಸಿ ಅನಿಲವನ್ನು ಮೆಲ್ಲಗೆ ಬಿಡಲಾಗುತ್ತದೆ. ದೊಡ್ಡ ಗುಳ್ಳೆಗಳು ಮೇಲ್ಮೈಯಲ್ಲಿ ಒಡೆಯುತ್ತಿದ್ದರೆ ಅನಿಲ ವ್ಯರ್ಥವಾಗುತ್ತಿದೆ ಎಂದರ್ಥ.

ಪ್ರಮಾಣ ನಿರ್ಧಾರ

ಕರಗಿದ ಆಮ್ಲಜನಕವನ್ನು ಅಳೆಯುವ ಉಪಕರಣ ದುಬಾರಿಯಾದುದರಿಂದ ಮನೆಯ ತಯಾರಕರು ಅನಿಲದ ಹರಿವು ಮತ್ತು ಸಮಯವನ್ನೇ ಅಳತೆಯಾಗಿ ಬಳಸುತ್ತಾರೆ. ಕ್ರಿಸ್ ವೈಟ್ ಮತ್ತು ಜಮೀಲ್ ಜೈನಾಶೆಫ್ 2010ರಲ್ಲಿ ಪ್ರಕಟಿಸಿದ ಯೀಸ್ಟ್ ಕುರಿತ ಪುಸ್ತಕದಲ್ಲಿ ಈ ಬಗ್ಗೆ ಒಂದು ಪ್ರಯೋಗದ ವಿವರವಿದೆ. 1.077 ಸಾಪೇಕ್ಷ ಸಾಂದ್ರತೆಯ 20 ಲೀಟರ್ ವರ್ಟ್‌ನಲ್ಲಿ, ನಿಮಿಷಕ್ಕೆ 1 ಲೀಟರ್ ಹರಿವಿನಲ್ಲಿ ಆಮ್ಲಜನಕ ಹಾಯಿಸಿದಾಗ ಕರಗಿದ ಪ್ರಮಾಣ ಸರಿಸುಮಾರು ಹೀಗಿತ್ತು:

- 5 ನಿಮಿಷ ಕುಲುಕಿದಾಗ (ಸಿಲಿಂಡರ್ ಇಲ್ಲದೆ): ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆ
- ಆಮ್ಲಜನಕ 30 ಸೆಕೆಂಡು: 5 ಮಿಲಿಗ್ರಾಂ
- ಆಮ್ಲಜನಕ 60 ಸೆಕೆಂಡು: 9 ಮಿಲಿಗ್ರಾಂ
- ಆಮ್ಲಜನಕ 120 ಸೆಕೆಂಡು: 14 ಮಿಲಿಗ್ರಾಂ

ಒಂದು ನಿಮಿಷದಲ್ಲಿ ಹಾಯಿಸಿದ 1 ಲೀಟರ್ ಆಮ್ಲಜನಕದ ತೂಕ ಸುಮಾರು 1.3 ಗ್ರಾಂ. ಲೀಟರಿಗೆ 9 ಮಿಲಿಗ್ರಾಂನಂತೆ 20 ಲೀಟರಿನಲ್ಲಿ ಕರಗಿದ್ದು 180 ಮಿಲಿಗ್ರಾಂ. ಅಂದರೆ ಬಿಟ್ಟ ಅನಿಲದ ಏಳನೆಯ ಒಂದು ಭಾಗದಷ್ಟು ಮಾತ್ರ ಕರಗಿ, ಉಳಿದದ್ದು ಮೇಲೇರಿ ಹೋಗಿದೆ. ಕಲ್ಲಿನ ಸ್ಥಿತಿ, ಪಾತ್ರೆಯ ಆಳ, ವರ್ಟ್‌ನ ಉಷ್ಣತೆ ಇವು ಬದಲಾದರೆ ಈ ಪಾಲೂ ಬದಲಾಗುತ್ತದೆ. ಹೀಗಾಗಿ ಒಬ್ಬರ ಸಲಕರಣೆಯ ಸಮಯವನ್ನು ಇನ್ನೊಬ್ಬರು ಯಥಾವತ್ತಾಗಿ ಅನುಸರಿಸುವುದು ಸರಿಹೋಗದು; ಹರಿವನ್ನು ತೋರಿಸುವ ಮೀಟರ್ ಇಲ್ಲದೆ ಸೆಕೆಂಡುಗಳನ್ನು ಮಾತ್ರ ಎಣಿಸುವುದಕ್ಕೂ ಹೆಚ್ಚಿನ ಅರ್ಥವಿಲ್ಲ.

ಕೊರತೆ ಮತ್ತು ಅತಿಯ ಪರಿಣಾಮಗಳು

ಆಮ್ಲಜನಕ ಕಡಿಮೆಯಾದರೆ ಯೀಸ್ಟ್ ಸಾಕಷ್ಟು ವೃದ್ಧಿಯಾಗದು. ಹುದುಗುವಿಕೆ ತಡವಾಗಿ ಆರಂಭವಾಗಬಹುದು, ಅಥವಾ ಸಕ್ಕರೆ ಉಳಿದಿರುವಾಗಲೇ ನಡುವೆ ನಿಂತುಹೋಗಬಹುದು. ಹಸಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡ್ ಉಳಿಯುವುದು, ಹಣ್ಣಿನ ಪರಿಮಳ ಕೊಡುವ ಎಸ್ಟರ್‌ಗಳು ಮಿತಿಮೀರುವುದು ಇವೂ ಕಂಡುಬರುತ್ತವೆ. ಇಂಥ ಹುದುಗುವಿಕೆಯ ತಳದಿಂದ ತೆಗೆದ ಯೀಸ್ಟ್ ಮುಂದಿನ ಬಾರಿಗೆ ದುರ್ಬಲವಾಗಿರುತ್ತದೆ.

ಅತಿಯಾದರೆ ಯೀಸ್ಟ್ ಅಗತ್ಯಕ್ಕಿಂತ ಹೆಚ್ಚು ಬೆಳೆದು ಸಕ್ಕರೆಯ ಒಂದು ಪಾಲನ್ನು ತನ್ನ ದೇಹಕ್ಕೇ ವ್ಯಯಿಸುತ್ತದೆ. ಎಸ್ಟರ್‌ಗಳು ಕುಗ್ಗಿ, ಬಿಯರಿಗೆ ಖಾರವಾದ ಮದ್ಯಸಾರದ ರುಚಿ ಕೊಡುವ ಫ್ಯೂಸೆಲ್ ಆಲ್ಕೊಹಾಲ್‌ಗಳು ಹೆಚ್ಚಬಹುದು. ಗಾಳಿಯನ್ನು ಬಳಸುವವರಿಗೆ ಈ ಚಿಂತೆಯಿಲ್ಲ; ಕರಗುವಿಕೆಯ ಮಿತಿಯೇ ಅವರನ್ನು ಕಾಯುತ್ತದೆ. ಶುದ್ಧ ಆಮ್ಲಜನಕವು ಆ ಸಹಜ ಬೇಲಿಯನ್ನು ತೆಗೆದುಹಾಕುವುದರಿಂದ ಅಳತೆಯ ಹೊಣೆ ಪೂರ್ತಿಯಾಗಿ ತಯಾರಕನ ಮೇಲೆ ಬೀಳುತ್ತದೆ.

ಆಮ್ಲಜನಕ ಕೊಡಬಾರದ ಹಂತಗಳು

ವರ್ಟ್ ಬಿಸಿಯಾಗಿರುವಾಗ ಆಮ್ಲಜನಕ ಸರಿಯಾಗಿ ಕರಗುವುದಿಲ್ಲ. ಕರಗಿದಷ್ಟೂ ಮಾಲ್ಟಿನ ಪದಾರ್ಥಗಳೊಂದಿಗೆ ವರ್ತಿಸುತ್ತದೆ. ಹುದುಗುವಿಕೆ ಮುಗಿದ ಮೇಲೆ ಸೇರಿದ ಆಮ್ಲಜನಕವಂತೂ ಬಿಯರನ್ನು ಹಳಸಲು ಮಾಡುತ್ತದೆ. ಹಳೆಯ ಬಿಯರಿನಲ್ಲಿ ಕಾಣುವ, ನೆನೆದ ರಟ್ಟಿನಂಥ ವಾಸನೆಗೆ ನೋನೆನಾಲ್ ಎಂಬ ಸಂಯುಕ್ತವು ಮುಖ್ಯ ಕಾರಣ. ಅತಿ ಸಾಂದ್ರವಾದ ವರ್ಟ್‌ಗೆ ಮಾತ್ರ ಯೀಸ್ಟ್ ಬೆರೆಸಿದ 12ರಿಂದ 18 ಗಂಟೆಗಳೊಳಗೆ ಎರಡನೆಯ ಬಾರಿ ಸ್ವಲ್ಪ ಆಮ್ಲಜನಕ ಕೊಡುವ ಪದ್ಧತಿಯಿದೆ.

ಪರ್ಯಾಯಗಳು

ಒಣ ಯೀಸ್ಟನ್ನು ಕಾರ್ಖಾನೆಯಲ್ಲಿ ಸಾಕಷ್ಟು ಗಾಳಿ ಕೊಟ್ಟು ಬೆಳೆಸಿರುವುದರಿಂದ ಅದರಲ್ಲಿ ಸ್ಟೆರಾಲ್ ಸಂಗ್ರಹ ಮೊದಲೇ ಇರುತ್ತದೆ. ಹೀಗಾಗಿ ಮೊದಲ ಬಳಕೆಯಲ್ಲಿ ಆಮ್ಲಜನಕ ಪೂರೈಕೆಯ ಅಗತ್ಯವಿಲ್ಲವೆಂದು ತಯಾರಕ ಸಂಸ್ಥೆಗಳು ಹೇಳುತ್ತವೆ. ಅಮೆರಿಕದ ಕೊಲೊರಾಡೊ ರಾಜ್ಯದ ನ್ಯೂ ಬೆಲ್ಜಿಯಂ ಬಿಯರ್ ಕಾರ್ಖಾನೆಯ ಗ್ರೇಡಿ ಹಲ್, ಅಪರ್ಯಾಪ್ತ ಕೊಬ್ಬಿನಾಮ್ಲವನ್ನು ನೇರವಾಗಿ ಒದಗಿಸುವ ಉದ್ದೇಶದಿಂದ ಸಂಗ್ರಹಿಸಿಟ್ಟ ಯೀಸ್ಟ್‌ಗೆ ಅತ್ಯಲ್ಪ ಪ್ರಮಾಣದ ಆಲಿವ್ ಎಣ್ಣೆಯನ್ನು ಸೇರಿಸಿ ಪ್ರಯೋಗ ನಡೆಸಿದರು. ಆದರೆ ಎಣ್ಣೆಯಿಂದ ಸ್ಟೆರಾಲ್‌ನ ಕೊರತೆ ನೀಗುವುದಿಲ್ಲ. ಈ ವಿಧಾನ ವ್ಯಾಪಕವಾಗಿ ರೂಢಿಗೆ ಬಂದಿಲ್ಲ.

ಸುರಕ್ಷತೆ

ಆಮ್ಲಜನಕ ತಾನಾಗಿ ಉರಿಯುವುದಿಲ್ಲ. ಉರಿಯುವುದನ್ನು ಅತಿ ತೀವ್ರಗೊಳಿಸುತ್ತದೆ. ವರ್ಟ್ ಕುದಿಸಿದ ಅನಿಲ ಒಲೆಯನ್ನು ಪೂರ್ತಿ ಆರಿಸದೆ ಸಿಲಿಂಡರನ್ನು ತೆರೆಯಬಾರದು. ಹತ್ತಿರದಲ್ಲಿ ಧೂಮಪಾನ ಕೂಡದು. ಕೋಣೆಯಲ್ಲಿ ಗಾಳಿ ಆಡುತ್ತಿರಬೇಕು. ರೆಗ್ಯುಲೇಟರಿನ ತಿರುಪುಗಳಿಗೆ ಎಣ್ಣೆ ಅಥವಾ ಗ್ರೀಸ್ ಸವರಬಾರದು; ಒತ್ತಡದ ಆಮ್ಲಜನಕದ ಸಂಪರ್ಕದಲ್ಲಿ ಅವು ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಲ್ಲವು.

ಕಾನೂನು

ಬ್ರಿಟನ್‌ನಲ್ಲಿ 1963ರಲ್ಲಿ ಮನೆಬಳಕೆಯ ಬಿಯರ್ ತಯಾರಿಕೆಗೆ ಪರವಾನಗಿಯ ಅಗತ್ಯವನ್ನು ತೆಗೆದುಹಾಕಲಾಯಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಮಾಡಿದ ಶಾಸನದಿಂದ ಕೇಂದ್ರ ಸರ್ಕಾರದ ಮಟ್ಟದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಭಾರತದಲ್ಲಿ ಮದ್ಯ ತಯಾರಿಕೆಯು ರಾಜ್ಯಗಳ ಅಧಿಕಾರಕ್ಕೆ ಒಳಪಟ್ಟ ವಿಷಯ. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಗಳು ಪರವಾನಗಿ ಪಡೆದೇ ಬಿಯರ್ ತಯಾರಿಸುತ್ತವೆ.

ಇವನ್ನೂ ನೋಡಿ

- ಯೀಸ್ಟ್
- ಹುದುಗುವಿಕೆ
- ಬಾರ್ಲಿ
- ಲೂಯಿ ಪಾಶ್ಚರ್
- ಹೆನ್ರಿಯ ನಿಯಮ