ಯಾರ ಫೋನು, ಯಾರ ಬೆರಳು

ತಿಪಟೂರಿನಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಫೋನು ಕೈಗೆ ಬಂದರೆ ಅದು ಯಾವ ವಯಸ್ಸಿನವರದ್ದೆಂದು ಬಹುಮಟ್ಟಿಗೆ ಹೇಳಿಬಿಡಬಲ್ಲೆ. ಕಾಲೇಜು ಹುಡುಗರದ್ದಾದರೆ ಚಾರ್ಜಿಂಗ್ ಪಿನ್ ಸಡಿಲವಾಗಿರುತ್ತದೆ, ಚಾರ್ಜಿಗೆ ಹಾಕಿಕೊಂಡೇ ಗೇಮ್ ಆಡಿರುತ್ತಾರೆ. ಅದೇ ಫೋನಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ, ಡಿಜಿಲಾಕರಿನ ಅಂಕಪಟ್ಟಿ, ಯೂಟ್ಯೂಬಿನ ಗಣಿತದ ಪಾಠವೂ ಇರುತ್ತವೆ. ಹುಡುಗರು ಫೋನಿನಿಂದ ಹಾಳಾದರು ಎನ್ನುವವರು ಇದನ್ನೂ ನೋಡಬೇಕು.

ನಲವತ್ತರ ಆಸುಪಾಸಿನವರಿಗೆ ಫೋನೆಂದರೆ ದುಡಿಮೆ. ಕೊಬ್ಬರಿ ದರ ಬರುವುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಹಣ ಬರುವುದು ಯುಪಿಐನಲ್ಲಿ. ಡಿಸ್‌ಪ್ಲೇ ಒಡೆದರೂ ತಿಂಗಳುಗಟ್ಟಲೆ ಹಾಗೇ ಬಳಸುತ್ತಾರೆ. ಒಂದು ದಿನ ಅಂಗಡಿಯಲ್ಲಿ ಬಿಟ್ಟುಹೋಗಲು ಅವರಿಗೆ ಆಗುವುದಿಲ್ಲ.

ಹಿರಿಯರು ಬಂದು ಹೇಳುವುದು ಒಂದೇ ಮಾತು: ‘ಫೋನು ನಿಂತು ನಿಂತು ಹೋಗ್ತದೆ ಕಣಪ್ಪ.’ ತೆರೆದು ನೋಡಿದರೆ ಶುಭೋದಯದ ಚಿತ್ರಗಳಿಂದಲೇ ಸ್ಟೋರೇಜ್ ತುಂಬಿರುತ್ತದೆ. ಬಂದ ಚಿತ್ರ, ವಿಡಿಯೊ ತಾವಾಗಿಯೇ ಡೌನ್‌ಲೋಡ್ ಆಗುವುದನ್ನು ವಾಟ್ಸ್‌ಆ್ಯಪ್ ಸೆಟ್ಟಿಂಗ್ಸಿನಲ್ಲಿ ನಿಲ್ಲಿಸಿದರೆ ಸಾಕು. ಈಗಾಗಲೇ ತುಂಬಿರುವುದನ್ನು ಅಳಿಸುವ ಮುಂಚೆ ಮಾತ್ರ ಒಂದೊಂದನ್ನೂ ತೋರಿಸಿ ಕೇಳುತ್ತೇನೆ. ಆ ರಾಶಿಯೊಳಗೆ ಬೆಂಗಳೂರಿನ ಮೊಮ್ಮಗಳು ಕಳಿಸಿದ ದನಿಯೂ ಇರುತ್ತದೆ.

ಇವರಿಗೆ ಬುದ್ಧಿ ಸಾಲದು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇವರನ್ನು ತಡೆಯುವುದು ಭಯ: ಎಲ್ಲಿ ಒತ್ತಿದರೆ ಏನಾಗಿಬಿಡುತ್ತದೋ, ಪಿಂಚಣಿ ದುಡ್ಡೇ ಹೋಗಿಬಿಟ್ಟರೆ! ಜತೆಗೆ ಬಂದ ಮಗ ‘ಕೊಡಮ್ಮ ಇಲ್ಲಿ, ನಾನು ಮಾಡ್ತೀನಿ’ ಎಂದು ಫೋನು ಕಿತ್ತುಕೊಳ್ಳುತ್ತಾನೆ. ಕೆಲಸ ಆಗುತ್ತದೆ, ಭಯ ಹಾಗೇ ಉಳಿಯುತ್ತದೆ. ನೊಣವಿನಕೆರೆ ಕಡೆಯ ಅಜ್ಜಿಯೊಬ್ಬರಿಗೆ ಅಕ್ಷರ ದೊಡ್ಡದು ಮಾಡಿಕೊಟ್ಟು, ಮೈಕಿನ ಗುರುತು ತೋರಿಸಿ, ‘ನೀವೇ ಒತ್ತಿ, ಬಾಯಲ್ಲಿ ಹೇಳಿ’ ಎಂದೆ. ಗೂಗಲ್ಲಿನ ಧ್ವನಿ ಟೈಪಿಂಗ್ 2017ರಿಂದಲೇ ಕನ್ನಡ ಬಲ್ಲದು. ಅವರು ‘ಹರಿಕಥೆ’ ಎಂದರು, ಪರದೆಯ ಮೇಲೆ ಹರಿಕಥೆ ಬಂತು. ಮುಂದಿನ ಸಲ ಅವರು ಕೇಳಿದ್ದು ಗೃಹಲಕ್ಷ್ಮಿಯ 2000 ರೂಪಾಯಿ ಜಮೆಯಾದ ಮೆಸೇಜನ್ನು ತಾವೇ ಹುಡುಕುವುದು ಹೇಗೆಂದು.

ವಂಚಕರು ಹಿಡಿಯುವುದೂ ಈ ಭಯವನ್ನೇ. ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಫೋನು ಇಡಬೇಡಿ’ ಎಂದು ವಿಡಿಯೊ ಕರೆಯಲ್ಲಿ ಪೊಲೀಸ್ ವೇಷ ಹಾಕಿಕೊಂಡು ಗದರಿಸುತ್ತಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಕರೆ ಕತ್ತರಿಸುವ ಧೈರ್ಯ ಬರಬೇಕಾದರೆ ಫೋನು ತನ್ನದು, ತಾನು ಹೇಳಿದ ಹಾಗೆ ಕೇಳುತ್ತದೆ ಎಂಬುದು ಮೊದಲು ಮನದಟ್ಟಾಗಿರಬೇಕು. ಅದಕ್ಕೇ ಹಿರಿಯರ ಫೋನು ಯಾವುದೇ ರಿಪೇರಿಗೆ ಬರಲಿ, ವಾಪಸು ಕೊಡುವಾಗ 1930 ನಂಬರನ್ನು ‘ಸೈಬರ್ ಪೊಲೀಸ್’ ಎಂದು ಕನ್ನಡದಲ್ಲಿ ಅವರಿಂದಲೇ ಸೇವ್ ಮಾಡಿಸುತ್ತೇನೆ. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಆ ನಂಬರಿಗೆ ಕರೆ ಮಾಡಿದರೆ, ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಅವಕಾಶವಿದೆ.